ಆಮ್ಲಪ್ರಿಯ ಬ್ಯಾಕ್ಟೀರಿಯಗಳ ತಳಿವಿಜ್ಞಾನ

ಪಿಎಚ್ 3ಕ್ಕಿಂತ ಕೆಳಗಿನ ಹುಳಿಯಲ್ಲಿ ಸೊಂಪಾಗಿ ಬೆಳೆಯುವ ಬ್ಯಾಕ್ಟೀರಿಯಗಳಿಗೆ ಆಮ್ಲಪ್ರಿಯ ಎಂದು ಹೆಸರು. ಗಣಿಗಳಿಂದ ಒಸರುವ ಕೆಂಪು ನೀರು, ಗಂಧಕದ ಬುಗ್ಗೆ, ಸ್ಪೇನಿನ ರಿಯೊ ಟಿಂಟೊ ನದಿ ಇವುಗಳ ನೆಲೆ. ಹೆಚ್ಚು ಅಧ್ಯಯನವಾಗಿರುವುದು ಆಸಿಡಿಥಯೊಬ್ಯಾಸಿಲಸ್ ಫೆರೊಆಕ್ಸಿಡಾನ್ಸ್. ಕಾಲ್ಮರ್ ಮತ್ತು ಹಿಂಕಲ್ 1947ರಲ್ಲಿ ಇದನ್ನು ಅಮೆರಿಕದ ಕಲ್ಲಿದ್ದಲು ಗಣಿಗಳ ಆಮ್ಲನೀರಿನಲ್ಲಿ ಗುರುತಿಸಿದರು.

ಹೊರಗೆ ಪಿಎಚ್ 2 ಇದ್ದರೂ ಇದರ ಕೋಶದೊಳಗೆ ಸುಮಾರು 6.5 ಇರುತ್ತದೆ. ಅಂದರೆ ಹೊರಗಿನ ಪ್ರೋಟಾನು ಸಾಂದ್ರತೆ ಹತ್ತು ಸಾವಿರ ಪಟ್ಟಿಗೂ ಮಿಗಿಲು. ಪ್ರೋಟಾನುಗಳು ಒಳನುಗ್ಗುವಾಗ ಕೋಶಕ್ಕೆ ಶಕ್ತಿ ಒದಗಿಸುವ ಅಣು ಎಟಿಪಿ ತಯಾರಾಗುತ್ತದೆ. ಆದರೆ ನುಗ್ಗಿದವನ್ನು ಹಾಗೇ ಬಿಟ್ಟರೆ ಕೋಶ ಹುಳಿಯೇರಿ ಸಾಯುತ್ತದೆ. ಈ ಬ್ಯಾಕ್ಟೀರಿಯ ಕಬ್ಬಿಣದಿಂದ ಕಿತ್ತ ಎಲೆಕ್ಟ್ರಾನುಗಳು ಆ ಪ್ರೋಟಾನುಗಳನ್ನೂ ಆಮ್ಲಜನಕವನ್ನೂ ಕೂಡಿಸಿ ನೀರಾಗಿಸುತ್ತವೆ. ಈ ಸಾಗಣೆಯ ಜೀನುಗಳೆಲ್ಲ 'ರಸ್ ಒಪೆರಾನ್' ಎಂಬ ಒಂದೇ ಸಾಲಿನಲ್ಲಿವೆ: ಹೊರಪೊರೆಯಲ್ಲಿ ಕೂತು ಎಲೆಕ್ಟ್ರಾನು ಕಸಿಯುವ ಸೈಟೋಕ್ರೋಮ್, ನಡುವೆ ತಾಮ್ರವುಳ್ಳ ನೀಲಿ ಪ್ರೋಟೀನು ರಸ್ಟಿಸಯಾನಿನ್, ಒಳಪೊರೆಯಲ್ಲಿ ಆಕ್ಸಿಡೇಸ್. ಕಬ್ಬಿಣ ಸಿಕ್ಕಾಗ ಈ ಸಾಲು ಚುರುಕಾಗುತ್ತದೆ. ಗಂಧಕ ಸಿಕ್ಕರೆ ಬೇರೆ ಜೀನುಗಳ ಸರದಿ.

ಜೀನು ಕೆಡಿಸಿ ಪರಿಣಾಮ ನೋಡುವ ರೂಢಿಯ ವಿಧಾನ ಇಲ್ಲಿ ಸುಲಭವಾಗಿ ಒಗ್ಗದು. ಕೋಶಗಳನ್ನು ಬೆಳೆಸುವ ಅಗರ್ ಆಮ್ಲದಲ್ಲಿ ಒಡೆದು ಬರುವ ಸಕ್ಕರೆಗಳೇ ಈ ಬ್ಯಾಕ್ಟೀರಿಯಕ್ಕೆ ವಿಷ. ಮಾರ್ಪಟ್ಟ ಕೋಶಗಳನ್ನು ಆರಿಸಲು ಬೇಕಾದ ಹಲವು ಆಂಟಿಬಯಾಟಿಕ್‌ಗಳೂ ಹುಳಿಯಲ್ಲಿ ಸತ್ವ ಕಳೆದುಕೊಳ್ಳುತ್ತವೆ. ಹೀಗಾಗಿ ಈ ಕ್ಷೇತ್ರ ಜೀನು ಮುರಿದು ಕಲಿತದ್ದಕ್ಕಿಂತ ಜೀನೋಮ್ ಓದಿ ಕಲಿತದ್ದೇ ಹೆಚ್ಚು.

ಕ್ಯಾಲಿಫೋರ್ನಿಯದ ಐರನ್ ಮೌಂಟನ್‌ನ ರಿಚ್‌ಮಂಡ್ ಗಣಿ ಇದಕ್ಕೆ ಒಳ್ಳೆಯ ಸಾಕ್ಷಿ. ಅಲ್ಲಿ ಪಿಎಚ್ ಸುಮಾರು 0.8ರ ನೀರಿನ ಮೇಲೆ ಗುಲಾಬಿ ಪೊರೆಯೊಂದು ತೇಲುತ್ತದೆ. ಜಿಲಿಯನ್ ಬ್ಯಾನ್‌ಫೀಲ್ಡ್ ತಂಡ ಆ ಪೊರೆಯ ಇಡೀ ಡಿಎನ್ಎಯನ್ನು ಒಟ್ಟಿಗೇ ಓದಿ, ಯಾವುದನ್ನೂ ಪ್ರತ್ಯೇಕವಾಗಿ ಬೆಳೆಸದೆ, 2004ರಲ್ಲಿ ಎರಡು ಜೀವಿಗಳ ಜೀನೋಮ್‌ಗಳನ್ನು ಬಹುಮಟ್ಟಿಗೆ ಜೋಡಿಸಿತು. ಗಾಳಿಯ ಸಾರಜನಕವನ್ನು ಹಿಡಿಯುವ ಜೀನುಗಳು ಮಾತ್ರ ಲೆಪ್ಟೊಸ್ಪಿರಿಲಮ್ ಎಂಬ ಬ್ಯಾಕ್ಟೀರಿಯದ ಅಲ್ಪಸಂಖ್ಯೆಯ ಗುಂಪೊಂದರಲ್ಲಿ ಕಂಡವು. ಆ ಸುಳಿವೇ ಸಾಕಾಯಿತು: ಸಾರಜನಕ ಬೆರೆಸದ ಮಾಧ್ಯಮದಲ್ಲಿ ಬೆಳೆಸಿದಾಗ ಅದೇ ಬ್ಯಾಕ್ಟೀರಿಯ ಬೇರ್ಪಟ್ಟು ಸಿಕ್ಕಿತು. 2005ರಲ್ಲಿ ಅದಕ್ಕೆ ಲೆಪ್ಟೊಸ್ಪಿರಿಲಮ್ ಫೆರೊಡಯಾಜೊಟ್ರೋಫಮ್ ಎಂದು ಹೆಸರಿಟ್ಟರು.

ದಕ್ಷಿಣ ಆಫ್ರಿಕದ ಚಿನ್ನದ ಉದ್ಯಮದಲ್ಲಿ ಆರ್ಸೆನಿಕ್‌ಭರಿತ ಅದಿರನ್ನು ಒಡೆಯಲು ಈ ಬಗೆಯ ಜೀವಿಗಳನ್ನು ದೊಡ್ಡ ತೊಟ್ಟಿಗಳಲ್ಲಿ ದುಡಿಸುತ್ತಾರೆ. ಅಲ್ಲಿನ ಆಸಿಡಿಥಯೊಬ್ಯಾಸಿಲಸ್ ಕಾಲ್ಡಸ್‌ನಲ್ಲಿ ತನ್ನದೇ ಆರ್ಸೆನಿಕ್ ನಿರೋಧಕ ಜೀನುಗಳ ಜೊತೆಗೆ ಎರಡನೆಯ ಗುಚ್ಛವೊಂದು ಸಿಕ್ಕಿತು. ಅದು ಕುಳಿತಿದ್ದದ್ದು ಟ್ರಾನ್ಸ್‌ಪೊಸಾನ್ ಎಂಬ ಜಿಗಿಯುವ ಜೀನಿನ ಮೇಲೆ.