ಜಮೀನು ಭಾಗ ಮಾಡುವ ಮುನ್ನ: 11ಇ ನಕ್ಷೆ, ಪೋಡಿ, ಮ್ಯುಟೇಶನ್, ಲೇಔಟ್ ಅನುಮತಿ ಅಂದ್ರೇನು?

ತಾಲ್ಲೂಕು ಕಚೇರಿಯ ಸರ್ವೆ ವಿಭಾಗದ ಮುಂದೆ ಜನರಿಗೆ ಸಾಮಾನ್ಯವಾಗಿ ಸಿಗೋ ಉತ್ತರ ಒಂದೇ: "ಪೋಡಿ ಆಗಿಲ್ಲ, ಹೋಗಿ". ಪಹಣಿಯಲ್ಲಿ ಹೆಸರಿದ್ದರೆ ಸಾಕು, ಜಮೀನು ತನ್ನದಾಯ್ತು ಅಂತ ನಂಬಿದವರು ಮಾರಾಟಕ್ಕೋ ಬ್ಯಾಂಕ್ ಸಾಲಕ್ಕೋ ಹೋದಾಗ ಸಿಕ್ಕಿಬೀಳೋದು ಇಲ್ಲೇ.

ಒಂದು ಸರ್ವೆ ನಂಬರಿನ ಪೂರ್ತಿ ಜಮೀನು ಮಾರುವುದು ಬೇರೆ, ಅದರಲ್ಲಿ ತುಂಡು ಮಾರುವುದು ಬೇರೆ. ತುಂಡು ಕೊಡುವಾಗ, ಕ್ರಯ ಇರಲಿ, ದಾನ ಇರಲಿ, ಅಣ್ಣತಮ್ಮಂದಿರ ವಿಭಾಗ ಇರಲಿ, ನೋಂದಣಿಗೆ ಮೊದಲೇ 11ಇ ನಕ್ಷೆ ಬೇಕು. ನಾಡಕಚೇರಿಯಲ್ಲೋ ಆನ್‌ಲೈನ್‌ನಲ್ಲೋ ಅರ್ಜಿ ಹಾಕಿ ಶುಲ್ಕ ಕಟ್ಟಬೇಕು. ಸರ್ಕಾರಿ ಭೂಮಾಪಕರೋ ಪರವಾನಗಿ ಪಡೆದ ಭೂಮಾಪಕರೋ ಬಂದು, ಅಕ್ಕಪಕ್ಕದವರಿಗೆ ನೋಟಿಸ್ ಕೊಟ್ಟು ಅಳೀತಾರೆ. ಯಾವ ದಿಕ್ಕಿನ ಎಷ್ಟು ಗುಂಟೆ ಯಾರಿಗೆ ಅನ್ನೋದು ನಕ್ಷೆಯಲ್ಲಿ ಬರುತ್ತೆ. ಆ ನಕ್ಷೆ ಇಟ್ಟುಕೊಂಡೇ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಬೇಕು.

ಅಳತೆಗೆ ಬಂದಾಗಲೇ ಹಳೇ ಲೆಕ್ಕ ಹೊರಬೀಳೋದು. ಪಹಣಿಗೂ ಆಕಾರ್‌ಬಂದ್‌ಗೂ ವಿಸ್ತೀರ್ಣ ತಾಳೆಯಾಗದಿದ್ದರೆ ಕಡತ ಮುಂದೆ ಹೋಗಲ್ಲ, ಮೊದಲು ತಿದ್ದುಪಡಿ ಆಗಬೇಕು. ಖರಾಬಿನ ವಿಷಯದಲ್ಲೂ ಜನ ಎಡವುತ್ತಾರೆ. ಉದಾಹರಣೆಗೆ ಒಂದು ಸರ್ವೆ ನಂಬರಿನಲ್ಲಿ 2 ಎಕರೆ 20 ಗುಂಟೆ ಇದೆ, ಮೂವರು ಪಾಲುದಾರರು ಅಂದುಕೊಳ್ಳಿ. 40 ಗುಂಟೆಗೆ ಒಂದು ಎಕರೆ, ಹಾಗಾಗಿ 100 ಗುಂಟೆ, ತಲಾ 33 ಗುಂಟೆ ಚಿಲ್ಲರೆ ಅಂತ ಮನೆಯಲ್ಲಿ ಲೆಕ್ಕ ಹಾಕ್ತಾರೆ. ಅದರೊಳಗೆ 4 ಗುಂಟೆ ಬಿ ಖರಾಬು ಇದ್ದರೆ ಅದು ಹಳ್ಳ, ದಾರಿಯಂಥ ಸಾರ್ವಜನಿಕ ಜಾಗ, ಯಾರ ಪಾಲಿಗೂ ಬರಲ್ಲ. ಉಳಿಯೋದು 96 ಗುಂಟೆ, ತಲಾ 32. ಆ ಒಂದು ಗುಂಟೆ ಚಿಲ್ಲರೆಗೇ ಎಷ್ಟೋ ಮನೆಗಳಲ್ಲಿ ಮಾತು ನಿಂತುಹೋಗಿದೆ.

ಹೆಣ್ಣುಮಕ್ಕಳ ಸಹಿ ಬಿಡುವುದು ಇನ್ನೊಂದು ತಪ್ಪು. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ನಂತರ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. ತಂದೆ 2005ಕ್ಕೆ ಮೊದಲೇ ತೀರಿಕೊಂಡಿದ್ದರೂ ಆ ಹಕ್ಕು ಹೋಗಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿದೆ. "ಮದುವೆ ಮಾಡಿ ಕೊಟ್ಟಾಯ್ತಲ್ಲ" ಅನ್ನೋ ಮಾತು ಕೋರ್ಟಿನಲ್ಲಿ ನಡೆಯಲ್ಲ. ಪಾಲುದಾರರು ಒಪ್ಪದಿದ್ದರೆ ದಾರಿ ಸಿವಿಲ್ ಕೋರ್ಟಿನ ವಿಭಾಗ ದಾವೆಯೇ. ಹಕ್ಕು ಯಾರದು ಅನ್ನೋದನ್ನು ತಹಶೀಲ್ದಾರರು ತೀರ್ಮಾನ ಮಾಡೋಕಾಗಲ್ಲ.

ನೋಂದಣಿ ಆದಮೇಲೆ ಮಾಹಿತಿ ಭೂಮಿ ವ್ಯವಸ್ಥೆಗೆ ಹೋಗುತ್ತೆ, ತಕರಾರಿಗೆ ನೋಟಿಸ್ ಹೊರಡುತ್ತೆ, ಯಾರೂ ಬರದಿದ್ದರೆ ಮ್ಯುಟೇಶನ್ ಆಗಿ ಹೊಸ ಹಿಸ್ಸಾ ನಂಬರಿನ ಪಹಣಿ ಬರುತ್ತೆ. ಮ್ಯುಟೇಶನ್ ಆದೇಶ ಒಪ್ಪಿಗೆಯಾಗದವರು 1964ರ ಭೂ ಕಂದಾಯ ಕಾಯ್ದೆಯ ಕಲಂ 136ರಡಿ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಹಾಕಬಹುದು.

ದಾರಿ ಎಲ್ಲಿ ಅಂತ ನಕ್ಷೆಯಲ್ಲೇ ತೋರಿಸಿಕೊಳ್ಳಿ. ಒಳಗಿನ ಪಾಲಿನವರಿಗೆ ಗಾಡಿ ದಾರಿ ಬಾಯಿಮಾತಿನಲ್ಲಿ ಬಿಟ್ಟರೆ, ಮುಂದಿನ ಪಾಲು ಬೇರೆಯವರಿಗೆ ಮಾರಿದ ದಿನ ಬೇಲಿ ಬೀಳುತ್ತೆ. ಕ್ರಯಪತ್ರದಲ್ಲೂ ದಾರಿಯ ಅಗಲ ಬರೆಸಬೇಕು. ಮೊಬೈಲಿನ ದಿಶಾಂಕ್ ಆ್ಯಪ್ ನೋಡಿ ಗಡಿ ತೀರ್ಮಾನ ಮಾಡಬೇಡಿ, ಅದು ಸರ್ವೆ ನಂಬರ್ ತಿಳಿಯೋಕೆ ಮಾತ್ರ. ಗಡಿ ಜಗಳಕ್ಕೆ ಹದ್ದುಬಸ್ತು ಅರ್ಜಿಯೇ ಬೇಕು.

ಸೈಟು, ಅಂಗಡಿ ಜಾಗದ ಕಥೆ ಇನ್ನೂ ಬೇರೆ. 30x40 ಸೈಟು ಅಂದ್ರೆ 1200 ಚದರಡಿ, ಒಂದು ಗುಂಟೆ ಅಂದ್ರೆ 1089. ರಸ್ತೆ ಬದಿ ಹೊಲದಲ್ಲಿ ಕಲ್ಲು ನೆಟ್ಟು, ಗುಂಟೆ ಲೆಕ್ಕದಲ್ಲಿ ಕೊಡ್ತೀವಿ ಅನ್ನೋರ ಹತ್ತಿರ ಮೊದಲು ಭೂ ಪರಿವರ್ತನೆ ಆದೇಶ ಕೇಳಿ. ಕಲಂ 95ರಡಿ ಅದನ್ನು ಕೊಡೋದು ಜಿಲ್ಲಾಧಿಕಾರಿ. ಪರಿವರ್ತನೆ ಆದ ಮಾತ್ರಕ್ಕೆ ಸೈಟು ಆಗಲ್ಲ. ಯೋಜನಾ ಪ್ರಾಧಿಕಾರದ ವ್ಯಾಪ್ತಿಯಲ್ಲಿ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಕಲಂ 17ರ ಪ್ರಕಾರ ಲೇಔಟ್ ನಕ್ಷೆ ಮಂಜೂರಾಗಬೇಕು. ರಸ್ತೆ, ಪಾರ್ಕಿನ ಜಾಗವನ್ನು ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಡಬೇಕು. ಲೇಔಟ್ 500 ಚದರ ಮೀಟರ್ ಮೀರಿದರೆ, ಅಂದರೆ ಹೆಚ್ಚುಕಮ್ಮಿ 5 ಗುಂಟೆ, ರೇರಾ ನೋಂದಣಿ ಇಲ್ಲದೆ ಜಾಹೀರಾತು ಕೊಡೋಕೂ ಆಗಲ್ಲ, ಮಾರೋಕೂ ಆಗಲ್ಲ. ಆಮೇಲೆ ಪಂಚಾಯ್ತಿ ವ್ಯಾಪ್ತಿಯಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11, ಪಟ್ಟಣವಾದರೆ ಇ-ಖಾತಾ. ಇವು ಇಲ್ಲದ ರೆವಿನ್ಯೂ ಸೈಟಿಗೆ ಬ್ಯಾಂಕಿನವರು ಸಾಲ ಕೊಡಲು ಹಿಂದೇಟು ಹಾಕ್ತಾರೆ, ಅಂಗಡಿ ಕಟ್ಟಲು ಪರವಾನಗಿಯೂ ಕಷ್ಟ.

ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಾದರೆ 1978ರ ಪಿಟಿಸಿಎಲ್ ಕಾಯ್ದೆಯಂತೆ ಸರ್ಕಾರದ ಅನುಮತಿ ಇಲ್ಲದ ಮಾರಾಟ ಅಸಿಂಧು. ಕೊಂಡವರಿಂದ ವಾಪಸ್ ಪಡೆದು ಮೂಲದವರಿಗೆ ಕೊಡಿಸ್ತಾರೆ. ಹಾಗಾಗಿ ಮುಂಗಡ ಕೊಡುವ ಮೊದಲು ಮೂಲ ಮಂಜೂರಾತಿ ಕಾಗದ ಮತ್ತು ಕಾವೇರಿ ತಂತ್ರಾಂಶದಲ್ಲಿ ಸಿಗುವ ಇಸಿ ನೋಡಿಕೊಳ್ಳಿ. ವ್ಯವಹಾರ ನಡೆದಿದ್ದರೆ ಇಸಿ ನಮೂನೆ 15ರಲ್ಲಿ, ಏನೂ ಇಲ್ಲದಿದ್ದರೆ ನಮೂನೆ 16ರಲ್ಲಿ ಬರುತ್ತೆ.