ಟೊಳ್ಳು ಎತ್ತಿನ ಒಡಲಿನಲ್ಲಿ

ಸಂಸಾರಸಮೇತ ಪಕ್ಷಿವೀಕ್ಷಣೆಗೆ ಹೊರಡುವವರು ಯಾವ ಕ್ಯಾಮೆರಾ, ಯಾವ ಮಸೂರವೆಂದು ವಾರಗಟ್ಟಲೆ ಜಿಜ್ಞಾಸೆ ನಡೆಸುವುದನ್ನು ಕಂಡಾಗಲೆಲ್ಲ ನನಗೆ ಇಂಗ್ಲೆಂಡಿನ ಯಾರ್ಕ್‌ಶೈರ್ ಪ್ರಾಂತದಲ್ಲಿ ಜನಿಸಿದ ರಿಚರ್ಡ್ ಮತ್ತು ಚೆರ್ರಿ ಕೀರ್ಟನ್ ಸೋದರರ ಸ್ಮರಣೆಯಾಗುತ್ತದೆ. 1892ರಲ್ಲಿ ಲಂಡನ್ನಿನ ಬಳಿ ತಮ್ಮನಾದ ಚೆರ್ರಿಯು ಥ್ರಷ್ ಹಕ್ಕಿಯ ಮೊಟ್ಟೆಗಳಿದ್ದ ಗೂಡೊಂದರ ಛಾಯಾಚಿತ್ರವನ್ನು ತೆಗೆದುದೇ ಆರಂಭ. 1895ರಲ್ಲಿ ಅಣ್ಣನ ಬರಹವೂ ತಮ್ಮನ ಚಿತ್ರಗಳೂ ಕೂಡಿ ಬ್ರಿಟನ್ನಿನ ಪಕ್ಷಿಗಳ ಗೂಡುಗಳನ್ನು ಕುರಿತ ಗ್ರಂಥವೇ ಹೊರಬಂದಿತು. ಗಾಜಿನ ಫಲಕಗಳನ್ನೂ ಭಾರವಾದ ಮರದ ಕ್ಯಾಮೆರಾವನ್ನೂ ಹೊತ್ತು ತಿರುಗಬೇಕಾಗಿದ್ದ ಆ ಕಾಲದಲ್ಲಿ ಸಮೀಪಚಿತ್ರವೆಂದರೆ ಛಾಯಾಗ್ರಾಹಕನು ತನ್ನ ದೇಹವನ್ನೇ ಸಮೀಪಕ್ಕೊಯ್ಯುವುದಾಗಿತ್ತು. ಹಕ್ಕಿಯು ಬೆದರುವುದು ಮನುಷ್ಯನಿಗೆ, ಮೇಯುವ ದನಕ್ಕಲ್ಲವೆಂಬುದನ್ನರಿತ ಆ ಸೋದರರು, 1900ರ ಸುಮಾರಿಗೆ, ಎತ್ತಿನ ಚರ್ಮವನ್ನು ಚೌಕಟ್ಟಿಗೆ ಹೊದಿಸಿ, ಅದರ ಟೊಳ್ಳಿನೊಳಗೆ ಕ್ಯಾಮೆರಾದೊಡನೆ ಅವಿತು, ಬಯಲಿನಲ್ಲಿ ಕಾದು ನಿಂತರು. ಅಂಥ ಸಲಕರಣೆ ನಮ್ಮ ಅಂಗಡಿಗಳಲ್ಲಿ ದೊರೆಯದು! ಮುಂದೆ ಕುರಿಯ ಚರ್ಮವನ್ನೂ ಅವರು ಬಿಡಲಿಲ್ಲ.