ತೊಟ್ಟಿ, ತೊಟ್ಟಿಲು, ಕ್ರೆಶ್ಶು

ಹಳೆಯ ತೊಟ್ಟಿಲುಗಳಿಗೆ ಈಗ ಹೊಸ ನೌಕರಿ ಸಿಕ್ಕಿದೆ. ಕನಕಪುರ ರಸ್ತೆ ಹಿಡಿದು ಹಾರೋಹಳ್ಳಿ ಕಡೆಗೆ ಹೊರಟರೆ ಎಡಬಲಕ್ಕೆ ಎದ್ದಿರುವ ಅಪಾರ್ಟ್‌ಮೆಂಟುಗಳಲ್ಲಿ, ಅದಕ್ಕೂ ಆಚೆಯ ರೆಸಾರ್ಟುಗಳಲ್ಲಿ ತೇಗದ ತೊಟ್ಟಿಲು ಹೂಕುಂಡ ಹೊತ್ತು ನಿಂತಿರುವುದನ್ನು ನೋಡಬಹುದು. ಮೇಲೊಂದು ಗಾಜು ಕೂರಿಸಿದರೆ ಅದೇ ಟೀಪಾಯಿ. ಸರಪಳಿ ಸಮೇತ ಸೂರಿಗೆ ತೂಗುಹಾಕಿ ಬಟ್ಟೆಗೊಂಬೆ ತುಂಬಿದರೆ ಮಗುವಿನ ಕೋಣೆಗೆ ಅಲಂಕಾರ. ಮಗು ಮಾತ್ರ ಪಕ್ಕದಲ್ಲಿ, ಆನ್‌ಲೈನಿನಲ್ಲಿ ತರಿಸಿದ ಗಾಲಿಮಂಚದ ಮೇಲೆ ಮಲಗಿರುತ್ತದೆ. ಪಶ್ಚಿಮದ ಮನೆಗಳಲ್ಲಿ ಇದೇ ಯೋಗ ಹಳೆಯ ಪ್ರಾಮುಗಳಿಗೆ ಬಂದಿದೆ. ದೊಡ್ಡ ಚಕ್ರದ, ಬೆತ್ತದ ಮೈಯ ಆ ತಳ್ಳುಗಾಡಿಗಳನ್ನು ಒರೆಸಿ, ಬಣ್ಣ ಹಚ್ಚಿ, ಆಟಿಕೆ, ಹೊದಿಕೆ, ಚಿತ್ರಪುಸ್ತಕ ಪೇರಿಸಿಡುತ್ತಾರೆ. ವಸ್ತು ಹೀಗೆ ಕಸುಬು ಬದಲಿಸಿದಾಗ ಅದರ ಹೆಸರಿನ ಗತಿಯೇನು? ತೊಟ್ಟಿಲಿನ ಮಟ್ಟಿಗೆ ನನಗನ್ನಿಸುವುದಿಷ್ಟು: ಹೂಕುಂಡ ಹೊತ್ತ ತೊಟ್ಟಿಲು ತನ್ನ ಹೆಸರಿಗೆ ಎರಡು ಬಗೆದಿಲ್ಲ, ಹೆಸರಿನ ತವರಿಗೇ ವಾಪಸು ಹೋಗಿದೆ.

ಹಳಗನ್ನಡದಲ್ಲಿ ಇದು ತೊಟ್ಟಿಲ್. ನಡುಗನ್ನಡದ ಹೊತ್ತಿಗೆ ವ್ಯಂಜನದಲ್ಲಿ ಮುಗಿಯುವ ಪದಗಳಿಗೆ ಕೊನೆಯಲ್ಲೊಂದು ಉಕಾರ ಅಂಟಿಕೊಂಡಿತು. ಕಾಲ್ ಎಂಬುದು ಕಾಲು, ಬಾಗಿಲ್ ಎಂಬುದು ಬಾಗಿಲು, ತೊಟ್ಟಿಲ್ ಎಂಬುದು ತೊಟ್ಟಿಲು. ಆಮೇಲೆ ಆಡುಮಾತು ನಡುವಿನ ಇಕಾರವನ್ನು ನುಂಗಿತು. ಕನಕಪುರ, ಮಾಗಡಿ ಸೀಮೆಯ ಬಾಯಲ್ಲಿ ಅದು ತೊಟ್ಲು. ಉಕಾರ ಅಂಟಿಸುವ ಈ ಚಾಳಿ ಇಂದಿಗೂ ಬಿಟ್ಟಿಲ್ಲ. ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಯಾವುದೇ ಗೇಟಿನ ಮುಂದೆ ಪಾಳಿ ಬಿಡುವ ಹೊತ್ತಿಗೆ ನಿಂತರೆ ಶಿಫ್ಟು, ಬೋಲ್ಟು, ಲೇತು, ಬಸ್ಸು ಎಂದೇ ಕಿವಿಗೆ ಬೀಳುತ್ತದೆ. ನೂರಾರು ವರ್ಷದ ಹಿಂದೆ ತೊಟ್ಟಿಲಿಗೆ ಹಾಕಿದ ಬಾಲವನ್ನೇ ನಿನ್ನೆ ಮೊನ್ನೆ ಬಂದ ಪದಕ್ಕೂ ಹಾಕುತ್ತಿದ್ದೇವೆ.

ತಮಿಳಿನಲ್ಲೂ ಮಲಯಾಳದಲ್ಲೂ ಇದು ತೊಟ್ಟಿಲ್, ತೆಲುಗಿನಲ್ಲಿ ತೊಟ್ಟೆಲ. ಅಕ್ಕತಂಗಿಯರೆಲ್ಲರ ಮುಖ ಒಂದೇ ತೆರನಾಗಿರುವುದರಿಂದ ಪದ ಬಹಳ ಹಳೆಯದು ಎನ್ನಲು ಅಡ್ಡಿಯಿಲ್ಲ. ಸಂಸ್ಕೃತದ ದೋಲಾ ನಮ್ಮಲ್ಲಿಗೂ ಬಂತು. ದೇವಸ್ಥಾನಕ್ಕೆ ಡೋಲೋತ್ಸವ ಕೊಟ್ಟಿತು, ಹೊತ್ತು ಸಾಗುವವರಿಗೆ ಡೋಲಿ ಕೊಟ್ಟಿತು. ಬಾಣಂತಿ ಕೋಣೆಯೊಳಕ್ಕೆ ಮಾತ್ರ ಅದಕ್ಕೆ ಪ್ರವೇಶ ಸಿಗಲಿಲ್ಲ.

ಈಗ ತೊಟ್ಟಿಲಿನ ಪಕ್ಕದಲ್ಲೇ ಕೂತಿರುವ ಇನ್ನೊಂದು ಪದ ನೋಡಿ: ತೊಟ್ಟಿ. ದನಕ್ಕೆ ನೀರಿಡುವ ಕಲ್ಲಿನ ತೊಟ್ಟಿ, ಬೀದಿಯ ಕಸದ ತೊಟ್ಟಿ, ನಡುವೆ ಆಕಾಶಕ್ಕೆ ತೆರೆದ ಅಂಗಳವಿರುವ ತೊಟ್ಟಿಮನೆ. ಮೂರರ ಲಕ್ಷಣವೂ ಒಂದೇ: ನಾಲ್ಕೂ ಕಡೆ ಗೋಡೆ, ಮೇಲೆ ಬಯಲು. ತೊಟ್ಟಿಲಿನ ಲಕ್ಷಣವೂ ಅದೇ ತಾನೆ? ತಮಿಳು, ಮಲಯಾಳಗಳಲ್ಲೂ ತೊಟ್ಟಿ, ತೊಟ್ಟಿಲ್ ಜೋಡಿಯಾಗಿಯೇ ಇವೆ. ಮಡಿಯಿಂದ ಮಡಿಲು ಬಂದಂತೆ ತೊಟ್ಟಿಯಿಂದ ತೊಟ್ಟಿಲು ಬಂದಿರಬೇಕೆಂದು ನನ್ನ ಮನಸ್ಸು ಹೇಳುತ್ತದೆ. ಒಂದು ಸೀರೆಯ ಮಡಿಕೆ, ಇನ್ನೊಂದು ಮರದ ಗುಳಿ. ಎರಡೂ ಮಗುವನ್ನು ಹಿಡಿದಿಡುವ ಜಾಗ. ಪ್ರತಿಸ್ಪರ್ಧಿಯೊಬ್ಬನಿದ್ದಾನೆ, ಹಣ್ಣಿನ ತೊಟ್ಟು. ಹಣ್ಣು ತೊಟ್ಟಿನಿಂದ ತೂಗುತ್ತದೆ, ಆದ್ದರಿಂದ ತೂಗುವುದು ತೊಟ್ಟಿಲು ಎಂಬ ವಾದ ಕೇಳಲು ಸೊಗಸಾಗಿದೆ. ಆದರೆ ತೊಟ್ಟಿನಲ್ಲಿ ಏನನ್ನೂ ತುಂಬಲಾಗದು. ತೂಗಾಡುವುದಷ್ಟೇ ಮುಖ್ಯವಾಗಿದ್ದರೆ ಉಯ್ಯಾಲೆಯೂ ಜೋಕಾಲಿಯೂ ಇದ್ದೇ ಇದ್ದವು. ಎರಡು ಗೂಟದ ನಡುವೆ ಹಳೇ ಸೀರೆ ಕಟ್ಟಿದರೆ ಜೋಲಿಯೂ ಆಗುತ್ತದೆ. ಅದು ತೂಗುತ್ತದೆ, ಮಗುವೂ ಮಲಗುತ್ತದೆ. ಅದನ್ನು ಜೋಲಿ ಎಂದೇ ಕರೆಯುತ್ತೇವೆ.

ಆ ಮರದ ಗುಳಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಮೇಲೆ ತೊಲೆಗೆ ಹೊಡೆದ ಕಬ್ಬಿಣದ ಕೊಂಡಿ, ಅಲ್ಲಿಂದ ಇಳಿಯುವ ಸರಪಳಿ, ನಾಲ್ಕು ಮೂಲೆಗೆ ಗಟ್ಟಿಗಂಬ, ಕಂಬಗಳ ನಡುವೆ ಸಾಲಾಗಿ ಕಡೆದ ಕಂಬಿಗಳು. ಕಡೆಯುವುದೆಂದರೆ ಚನ್ನಪಟ್ಟಣದ ಕೆಲಸ. ಆಲೆ ಮರದ ತುಂಡು ಲೇತಿನಲ್ಲಿ ತಿರುಗುತ್ತಿರುವಾಗಲೇ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿಯುತ್ತಾರೆ. ಉಜ್ಜಾಟದ ಬಿಸಿಗೆ ಅರಗು ಕರಗಿ ಮರವನ್ನು ಸುತ್ತಿಕೊಳ್ಳುತ್ತದೆ. ಆಮೇಲೆ ಒಣ ಗರಿಯಿಂದ ಒತ್ತಿ ತಿಕ್ಕಿದರೆ ಹೊಳಪು. ಇಲ್ಲಿ ಕುಂಚಕ್ಕೆ ಕೆಲಸವೇ ಇಲ್ಲ. ಅರಿಶಿನದಂಥ ಗಿಡಮೂಲದ ಬಣ್ಣ ಬೆರೆಸಿದ್ದಾದರೆ, ಹಲ್ಲು ಬರುವ ಮಗು ಕಂಬಿಯನ್ನು ಕಚ್ಚಿ ಚೀಪಿದರೂ ತಾಯಿ ಹೆದರಬೇಕಿಲ್ಲ. ಅಲಂಕಾರಕ್ಕೆಂದು ಹಳೇ ತೊಟ್ಟಿಲನ್ನು ಉಜ್ಜಿ, ಮೇಲೆ ಡಬ್ಬಿಯ ಬಿಳಿ ಬಣ್ಣ ಬಳಿಯುವವರನ್ನು ಕಂಡರೆ ನನಗೆ ಕೋಪ ಬರುವುದು ಇದಕ್ಕೇ.

ಹಳೆಯ ತೊಟ್ಟಿಲನ್ನು ಮತ್ತೆ ಬಳಸುವುದು ನಮಗೆ ಹೊಸ ಫ್ಯಾಷನ್ನೇನೂ ಅಲ್ಲ. ನಾಲ್ಕು ಮಕ್ಕಳು ಚೆನ್ನಾಗಿ ಬೆಳೆದ ತೊಟ್ಟಿಲು ಯಾರ ಮನೆಯಲ್ಲಿದೆಯೆಂದು ವಿಚಾರಿಸಿ ಕೇಳಿ ತರುವುದೇ ವಾಡಿಕೆ. ಹೊಸತು ಕೊಳ್ಳುವ ಅವಸರವೂ ಇರಲಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದವರನ್ನು ಇಂದಿಗೂ ಆಡಿಕೊಳ್ಳುತ್ತೇವಲ್ಲ. ಇನ್ನೂ ಹುಟ್ಟದ ಮಗುವಿಗೆ ಗೋಡೆಗೆ ಬಣ್ಣ ಬಳಿದು, ಪರದೆ ಕಟ್ಟಿ, ಕೋಣೆ ಸಿಂಗರಿಸುವ ಈಗಿನ ಪದ್ಧತಿಯನ್ನು ಹಳಬರು ಒಪ್ಪುವುದು ಕಷ್ಟ. ಅದಕ್ಕಿಂತ ಕಷ್ಟ ಖಾಲಿ ತೊಟ್ಟಿಲಿನದು. ಬರಿದಾದ ತೊಟ್ಟಿಲು ತೂಗಿದರೆ ಮಗುವಿಗೆ ಹೊಟ್ಟೆನೋವು ಎಂದು ಮಕ್ಕಳ ಕೈ ತಟ್ಟದ ಅಜ್ಜಿಯೇ ಇಲ್ಲ. ಹೆಸರಿಡುವ ದಿನವೂ ಮಗುವಿಗಿಂತ ಮುಂಚೆ ಗುಂಡುಕಲ್ಲನ್ನು ಮಲಗಿಸುವ ಮನೆಗಳಿವೆ. ನಾಮಕರಣ ಎಂಬುದು ಪುರೋಹಿತರ ಮಾತು. ಹೆಂಗಸರ ಬಾಯಲ್ಲಿ ಅದು ತೊಟ್ಟಿಲಿಗೆ ಹಾಕೋದು. ಆ ಮನೇಲಿ ತೊಟ್ಟಿಲು ಕಟ್ತು ಎಂದರೆ ಮಗು ಹುಟ್ಟಿತು ಎಂದೇ ಅರ್ಥ. ಪಠ್ಯಪುಸ್ತಕದ ‘ನಾಗರಿಕತೆಯ ತೊಟ್ಟಿಲು’ ಇಂಗ್ಲಿಷಿನಿಂದ ಎತ್ತಿ ತಂದದ್ದು, ಅದನ್ನು ಯಾರೂ ತೂಗಿದ್ದಿಲ್ಲ. ಮಗುವನ್ನೂ ಚಿವುಟಿ ತೊಟ್ಟಿಲನ್ನೂ ತೂಗುವವರು ಮಾತ್ರ ಅಪ್ಪಟ ನಮ್ಮವರು.

ಹಾಗೆಂದು ಮಗುವಿಲ್ಲದ ತೊಟ್ಟಿಲಿಗೆ ಈ ಸೀಮೆಯಲ್ಲಿ ಎಡೆಯೇ ಇಲ್ಲ ಎನ್ನುವಂತಿಲ್ಲ. ಚನ್ನಪಟ್ಟಣದ ಪಕ್ಕದ ದೊಡ್ಡಮಳೂರಿನಲ್ಲಿ ಅಪ್ರಮೇಯಸ್ವಾಮಿ ದೇವಸ್ಥಾನವಿದೆ. ಅಲ್ಲಿನ ಅಂಬೆಗಾಲು ಕೃಷ್ಣನಿಗೆ ಹರಕೆ ಹೊತ್ತವರು ಪುಟ್ಟ ಪುಟ್ಟ ತೊಟ್ಟಿಲು ಒಪ್ಪಿಸುತ್ತಾರೆ, ಮರದ್ದು, ಅನುಕೂಲವಿದ್ದವರು ಬೆಳ್ಳಿಯದು. ಅಂಗೈಯಗಲದ ಅದರಲ್ಲಿ ಯಾವ ಕೂಸೂ ಹಿಡಿಸದು. ಅದು ಕೇಳಿಕೆಯನ್ನೋ ಕೃತಜ್ಞತೆಯನ್ನೋ ಹೊತ್ತು ಕೂರುತ್ತದೆ. ತೊಟ್ಟಿಲು ತೊಟ್ಟಿಲಿನ ಕೆಲಸ ಬಿಟ್ಟು ಬೇರೆ ಕೆಲಸಕ್ಕೆ ನಿಂತದ್ದು ರೆಸಾರ್ಟುಗಳಿಂದ ಶುರುವಾಗಲಿಲ್ಲ.

ಪ್ರಾಮ್ ಎಂಬ ಪದಕ್ಕೆ ಇಷ್ಟು ಬೇರಿಲ್ಲ. 1733ರಲ್ಲಿ ವಿಲಿಯಂ ಕೆಂಟ್ ಇಂಗ್ಲೆಂಡಿನ ಡ್ಯೂಕ್ ಒಬ್ಬರ ಮಕ್ಕಳಿಗೆಂದು ಪ್ರಾಣಿ ಎಳೆಯುವ ಪುಟ್ಟ ಬಂಡಿ ಮಾಡಿಕೊಟ್ಟಾಗ ಆ ಹೆಸರೇ ಇರಲಿಲ್ಲ. ಪ್ರಾಮಿನ ಉದ್ದ ರೂಪವಾದ ಪೆರಾಂಬ್ಯುಲೇಟರ್ ಎಂದರೆ ಆಗ ಸರ್ವೆಯವರು ತಳ್ಳಿಕೊಂಡು ಹೋಗುತ್ತ ದಾರಿ ಅಳೆಯುವ ಚಕ್ರ. 1800ರ ಆಸುಪಾಸಿನಲ್ಲಿ ಕಾಲಿನ್ ಮೆಕೆಂಜಿಯ ತಂಡ ಮೈಸೂರು ಸೀಮೆ ಸರ್ವೆ ಮಾಡಿದಾಗ ಇಂಥ ಚಕ್ರಗಳು ನಮ್ಮ ದಾರಿಗಳಲ್ಲೂ ಉರುಳಿದವು. ಮಕ್ಕಳ ಗಾಡಿಗೆ ಆ ಹೆಸರು ತಗುಲಿದ್ದು ಹತ್ತೊಂಬತ್ತನೇ ಶತಮಾನದ ನಡುವೆ. ನಮ್ಮ ಬೀದಿಯ ಹಳ್ಳದಿಣ್ಣೆಗಳಿಗೆ ಪ್ರಾಮ್ ಒಗ್ಗಲಿಲ್ಲ, ಪದವೂ ಕನ್ನಡಕ್ಕೆ ಅಂಟಲಿಲ್ಲ. ಈಗ ಮಾಲುಗಳ ನುಣುಪು ನೆಲದ ಮೇಲೆ ಸ್ಟ್ರಾಲರ್ ಬಂದಿದೆ.

ಹಾರೋಹಳ್ಳಿಯಲ್ಲಿ ಬೇರು ಬಿಡುತ್ತಿರುವ ಪದ ಬೇರೆಯೇ ಇದೆ. 1948ರ ಕಾರ್ಖಾನೆ ಕಾಯ್ದೆಯ 48ನೇ ಕಲಮು, 50ಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಾರ್ಖಾನೆ ಅವರ ಆರು ವರ್ಷದೊಳಗಿನ ಮಕ್ಕಳಿಗೊಂದು ಕೋಣೆ ಕೊಡಬೇಕೆಂದಿತು. 1976ರಲ್ಲಿ ಆ ಸಂಖ್ಯೆ 30ಕ್ಕೆ ಇಳಿಯಿತು. 2017ರಲ್ಲಿ ತಿದ್ದುಪಡಿಯಾದ ಹೆರಿಗೆ ಸೌಲಭ್ಯ ಕಾಯ್ದೆ ಗಂಡಸು ಹೆಂಗಸು ಎನ್ನದೆ 50 ನೌಕರರಿದ್ದರೆ ಸಾಕು ಎಂದಿತು. ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿಬರಬಹುದು ಎಂದೂ ಸೇರಿಸಿತು. ಆ ಕೋಣೆಗೆ ಕಾಗದದ ಮೇಲೆ ಶಿಶುಪಾಲನಾ ಕೇಂದ್ರ ಎಂಬ ಹೆಸರು. ಬಾಯಲ್ಲಿ ಕ್ರೆಶ್ಶು. ಅದೇ ಹಳೇ ಉಕಾರ!

ಈ ಕ್ರೆಶ್ ಫ್ರೆಂಚರದು, ಅರ್ಥ ದನದ ಮುಂದೆ ಮೇವು ಹಾಕುವ ತೊಟ್ಟಿ. ಯೇಸುವನ್ನು ಮಲಗಿಸಿದ ಜಾಗವೆಂದು ಆ ಪದಕ್ಕೆ ಪಾವಿತ್ರ್ಯ ಬಂತು. 1844ರಲ್ಲಿ ಫಿರ್ಮಾನ್ ಮಾರ್ಬೋ ಎಂಬಾತ ದುಡಿಯುವ ತಾಯಂದಿರ ಮಕ್ಕಳಿಗೆಂದು ಪ್ಯಾರಿಸ್ಸಿನಲ್ಲಿ ಒಂದು ಮನೆ ತೆರೆದು ಅದಕ್ಕೆ ಈ ಹೆಸರನ್ನೇ ಇಟ್ಟ. ಇಂಗ್ಲಿಷಿನವರು ಮಗುವಿನ ಮಂಚಕ್ಕೆ ಹೇಳುವ ಕ್ರಿಬ್ ಕೂಡ ಮೂಲದಲ್ಲಿ ಮೇವಿನ ತೊಟ್ಟಿಯೇ. ಕನ್ನಡ ಬೈಬಲ್ಲಿನಲ್ಲಿ ಈ ತೊಟ್ಟಿಗೆ ಗೋದಲಿ ಎಂದಿದೆ. ಕನಕಪುರ ತಾಲ್ಲೂಕಿನ ಹಾರೋಬೆಲೆಯಂಥ ಕ್ರೈಸ್ತರ ಊರುಗಳಲ್ಲಿ ಕ್ರಿಸ್ಮಸ್ಸಿಗೆ ಗೋದಲಿ ಕಟ್ಟುವವರಿಗೆ, ಪಕ್ಕದ ಕಾರ್ಖಾನೆಯ ಕ್ರೆಶ್ಶೂ ತಾವು ಹುಲ್ಲು ಹಾಸಿ ಕಟ್ಟಿದ್ದೂ ಒಂದೇ ಪದವೆಂದು ಹೇಳಿದರೆ ನಗಬಹುದು. ಕನ್ನಡವೂ ದೂರದ ಯುರೋಪಿನ ಈ ಭಾಷೆಗಳೂ ಒಂದಕ್ಕೊಂದರ ಸುಳಿವಿಲ್ಲದೆ ದನದ ತೊಟ್ಟಿಯಿಂದಲೇ ಮಗುವಿನ ಹಾಸಿಗೆಯನ್ನು ಹುಟ್ಟಿಸಿಕೊಂಡಿವೆ. ತೊಟ್ಟು ವಾದದವರ ಮುಂದೆ ನಾನಿಡುವ ಕೊನೆಯ ಸಾಕ್ಷಿ ಇದು.

ಹಾಗಾದರೆ ಕ್ರೆಶ್ಶಿಗೆ ಕನ್ನಡ ಹೆಸರೇನು? ನರೇಗಾ ಕೆಲಸಕ್ಕೆ ಹೋಗುವ ತಾಯಂದಿರಿಗೆಂದು ರಾಜ್ಯ ಸರ್ಕಾರ 2023ರ ಬಜೆಟ್ಟಿನಲ್ಲಿ ಗ್ರಾಮ ಪಂಚಾಯಿತಿಗಳಲ್ಲಿ ಶಿಶುಪಾಲನಾ ಕೇಂದ್ರ ತೆರೆಯುವುದಾಗಿ ಹೇಳಿ, ಅದಕ್ಕೆ ‘ಕೂಸಿನ ಮನೆ’ ಎಂಬ ಹೆಸರಿಟ್ಟಿತು. ಸರ್ಕಾರಿ ಹೆಸರುಗಳಲ್ಲಿ ಇಷ್ಟು ಚೆಂದದ್ದು ಅಪರೂಪ. ಕಾರ್ಖಾನೆಯ ಕೋಣೆಗೆ ತೊಟ್ಟಿಲುಮನೆ ಎಂದು ಬರೆಸಬಹುದೆಂದು ನನಗೆ ಆಸೆಯಿತ್ತು. ಆದರೆ ಕಾನೂನಿನ ಪ್ರಕಾರ ಅಲ್ಲಿಗೆ ಆರು ತುಂಬದ ಮಕ್ಕಳೆಲ್ಲ ಬರಬಹುದು. ಐದೂವರೆ ವರ್ಷದ ಹುಡುಗನಿಗೆ ‘ನಡಿಯಪ್ಪಾ, ತೊಟ್ಲುಮನೆಗೆ’ ಎಂದರೆ ಅವನಂತೂ ಹೆಜ್ಜೆ ಕಿತ್ತಿಡುವುದಿಲ್ಲ.